ಮೊಬೈಲ್ ವಿಕಿರಣ ಮತ್ತು ಕಣ್ಣು: ಓದುಗರ ಪ್ರಶ್ನೆಗಳಿಗೆ ನೇತ್ರತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದ ಸುತ್ತ ಇವೆ. ಮೊಬೈಲ್ ಫೋನಿನಿಂದ ಹೊರಡುವ ವಿಕಿರಣ ಕಣ್ಣಿಗೆ ಹಾನಿ ಮಾಡುತ್ತದೆಯೇ ಎಂಬುದು ಆ ಆತಂಕ. ಉತ್ತರಿಸುವ ಮೊದಲು ಒಂದು ವಿಂಗಡಣೆ ಅಗತ್ಯ. ಫೋನಿನ ಆಂಟೆನಾದಿಂದ ಹೊರಡುವುದು ಕಣ್ಣಿಗೆ ಕಾಣದ ರೇಡಿಯೋ ತರಂಗ. ಪರದೆಯಿಂದ ಹೊರಡುವುದು ಕಣ್ಣಿಗೆ ಕಾಣುವ ಬೆಳಕು. ಇವೆರಡಕ್ಕೂ ಸಂಬಂಧಪಡದ ಮೂರನೆಯದೊಂದಿದೆ. ಅದು ನಾವು ಫೋನನ್ನು ನೋಡುವ ರೀತಿ, ಅಂದರೆ ಎಷ್ಟು ಹತ್ತಿರದಿಂದ, ಎಷ್ಟು ಹೊತ್ತು, ಎಂಥ ಬೆಳಕಿನಲ್ಲಿ ಎಂಬುದು. ಪತ್ರ ಬರೆದ ಬಹಳ ಮಂದಿ ಈ ಮೂರನ್ನೂ ವಿಕಿರಣ ಎಂಬ ಒಂದೇ ತಲೆಬರಹದಡಿ ಸೇರಿಸಿದ್ದಾರೆ. ಹಾಗಾಗಿ ಪ್ರತಿ ಉತ್ತರದಲ್ಲೂ ಯಾವುದರ ಮಾತು ನಡೆದಿದೆ ಎಂಬುದನ್ನು ಸ್ಪಷ್ಟಪಡಿಸಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ, ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಒಂದು ವರ್ಷದಿಂದ ಬಿಸಿಲಿಗೆ ಬಂದರೆ ಎದುರಿಗಿರುವವರ ಮುಖ ಮಂಜಾಗುತ್ತದೆ, ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿದೆ. ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಅತ್ತೆಯವರಿಗೆ ಪೊರೆ ಬಂದದ್ದು 70 ದಾಟಿದ ಮೇಲೆ. ಯಜಮಾನರು ದುಬೈಯಲ್ಲಿರುವುದರಿಂದ ದಿನಾ ರಾತ್ರಿ ಬಹಳ ಹೊತ್ತು ಫೋನಿನಲ್ಲಿ ಮಾತಾಡುತ್ತೇನೆ. ಅದರ ವಿಕಿರಣದಿಂದಲೇ ಪೊರೆ ಬಂತು ಎಂದು ನಾದಿನಿ ಹೇಳುತ್ತಾಳೆ. ಮಂಡಿನೋವಿಗೆ ಔಷಧಂಗಡಿಯಿಂದ ತಂದು ಆಗಾಗ ನುಂಗುವ ಮಾತ್ರೆ ಬಿಟ್ಟರೆ ನನಗೆ ಬೇರೆ ಕಾಯಿಲೆ ಇಲ್ಲ. ಫೋನು ಬಿಟ್ಟರೆ ಪೊರೆ ಕರಗುತ್ತದೆಯೇ?
– ಓದುಗರು, ಕುಂದಾಪುರ

ಉತ್ತರ: ಫೋನು ಬಿಟ್ಟರೆ ಪೊರೆ ಕರಗುವುದಿಲ್ಲ, ಏಕೆಂದರೆ ಅದು ಫೋನಿನಿಂದ ಬಂದದ್ದಲ್ಲ. ಆದರೂ ನಿಮ್ಮ ನಾದಿನಿಯವರ ಮಾತನ್ನು ಬುಡವಿಲ್ಲದ್ದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಹಿಂದೆ ಎಪ್ಪತ್ತು ವರ್ಷಗಳಿಗೂ ಹಳೆಯದಾದ ನಿಜವಾದ ಸಂಶೋಧನೆಯಿದೆ.

ಕಣ್ಣಿನೊಳಗಿನ ಮಸೂರಕ್ಕೆ ರಕ್ತನಾಳಗಳಿಲ್ಲ. ದೇಹದ ಬೇರೆ ಹೆಚ್ಚಿನ ಭಾಗಗಳು ಕಾದರೆ ಅಲ್ಲಿ ಹರಿಯುವ ರಕ್ತ ಆ ಶಾಖವನ್ನು ಹೊತ್ತೊಯ್ಯುತ್ತದೆ; ಮಸೂರಕ್ಕೆ ಆ ಅನುಕೂಲವಿಲ್ಲ. ಅದರಲ್ಲಿರುವ ಪ್ರೋಟೀನುಗಳು ಅತಿಯಾದ ಶಾಖಕ್ಕೆ ಸಿಕ್ಕರೆ, ಕಾದ ಬಾಣಲೆಗೆ ಬಿದ್ದ ಮೊಟ್ಟೆಯ ಲೋಳೆಯಂತೆ, ಪಾರದರ್ಶಕತೆಯನ್ನು ಕಳೆದುಕೊಂಡು ಬೆಳ್ಳಗಾಗುತ್ತವೆ. ಗಾಜಿನ ಕುಲುಮೆಯ ಮುಂದೆ ವರ್ಷಗಟ್ಟಲೆ ದುಡಿದವರಿಗೆ ಪೊರೆ ಬರುತ್ತಿದ್ದುದು ಹಿಂದಿನಿಂದಲೂ ವೈದ್ಯರಿಗೆ ಗೊತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ಬಳಕೆಗೆ ಬಂದ ಮೇಲೆ ಮೈಕ್ರೋವೇವ್ ತರಂಗಗಳೂ ಹೀಗೆ ಮಾಡಬಲ್ಲವೇ ಎಂಬ ಪ್ರಶ್ನೆ ಹುಟ್ಟಿತು. 1948ರಲ್ಲಿ ಅಮೆರಿಕದ ಸಂಶೋಧಕರು ಪ್ರಬಲವಾದ ಮೈಕ್ರೋವೇವ್ ಹಾಯಿಸಿ ಪ್ರಾಣಿಗಳ ಕಣ್ಣಿನಲ್ಲಿ ಪೊರೆ ಬರುವುದನ್ನು ತೋರಿಸಿಯೇಬಿಟ್ಟರು.

ಆದರೆ ಎಷ್ಟು ಪ್ರಬಲವಾದ ತರಂಗ ಬೇಕಾಯಿತು ಎಂಬುದನ್ನು ನೋಡಬೇಕು. 1970ರ ದಶಕದ ಪ್ರಯೋಗಗಳಲ್ಲಿ ಮೊಲದ ಕಣ್ಣಿಗೆ ಪೊರೆ ಬರಿಸಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 150 ಮಿಲಿವ್ಯಾಟ್ ಶಕ್ತಿಯ ತರಂಗವನ್ನು ಒಂದೂವರೆ ಗಂಟೆಗೂ ಹೆಚ್ಚು ಕಾಲ ನೇರವಾಗಿ ಹಾಯಿಸಬೇಕಾಯಿತು, ಮಸೂರದ ಸುತ್ತಲಿನ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಾಯಿತು. ಅದೇ ತರಂಗವನ್ನು, ಅಷ್ಟೇ ಪ್ರಮಾಣದಲ್ಲಿ, ಮೈಯನ್ನು ಮೊದಲೇ ತಂಪುಗೊಳಿಸಿದ್ದ ಮೊಲಗಳಿಗೆ ಹಾಯಿಸಿದಾಗ ಪೊರೆ ಬರಲಿಲ್ಲ. ಈ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಹಾನಿ ಮಾಡಿದ್ದು ಶಾಖವೇ ಹೊರತು ತರಂಗದಲ್ಲಿ ಅಡಗಿದ ಬೇರಾವುದೋ ಗುಣವಲ್ಲ ಎಂಬುದನ್ನು ಅದು ಬಿಡಿಸಿ ತೋರಿಸಿತು. ಮುಂದೆ ಕೋತಿಗಳ ಮೇಲೆ ಇನ್ನೂ ಹೆಚ್ಚಿನ ಶಕ್ತಿಯನ್ನು ಪ್ರಯೋಗಿಸಿದಾಗ ಅವುಗಳ ಮುಖದ ಚರ್ಮ ಸುಟ್ಟಿತೇ ಹೊರತು ಮಸೂರ ಮಂಜಾಗಲಿಲ್ಲ. ಮನುಷ್ಯರ ಮುಖ ಮತ್ತು ಕಣ್ಣುಗೂಡಿನ ರಚನೆ ಮೊಲಕ್ಕಿಂತ ಕೋತಿಗೆ ಹತ್ತಿರವಾದದ್ದು. ರಾಡಾರ್ ನಡೆಸುತ್ತಿದ್ದ ಅಮೆರಿಕದ ಸೈನಿಕರನ್ನು ಕುರಿತು 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅವರಿಗೆ ಉಳಿದ ಸೈನಿಕರಿಗಿಂತ ಹೆಚ್ಚಾಗಿ ಪೊರೆ ಬಂದದ್ದು ಕಾಣಲಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಫೋನಿನ ವಿಚಾರ. 4ಜಿ ಮತ್ತು 5ಜಿ ಫೋನು ತನ್ನೆಲ್ಲ ಶಕ್ತಿ ಹಾಕಿದರೂ ಆಂಟೆನಾದಿಂದ ಹೊರಬೀಳುವುದು ಸುಮಾರು 0.2 ವ್ಯಾಟ್, ಅಡುಗೆಮನೆಯ ಮೈಕ್ರೋವೇವ್ ಒಲೆಯದು 700–800 ವ್ಯಾಟ್. ಸಿಗ್ನಲ್ ಚೆನ್ನಾಗಿರುವ ಕಡೆ ಫೋನು ತಾನಾಗಿಯೇ ಶಕ್ತಿಯನ್ನು ಇದಕ್ಕಿಂತ ಎಷ್ಟೋ ಪಾಲು ತಗ್ಗಿಸಿಕೊಳ್ಳುತ್ತದೆ. ಫೋನನ್ನು ಕಿವಿಗೆ ಒತ್ತಿ ಹಿಡಿದಾಗ ತಲೆಯೊಳಗಿನ ಅಂಗಾಂಶ ಅದರಿಂದ ಕಾಯುವುದು ಹೆಚ್ಚೆಂದರೆ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಎಂದು ಲೆಕ್ಕಾಚಾರಗಳು ಹೇಳುತ್ತವೆ. ಕಣ್ಣು ಅಲ್ಲಿಂದಲೂ ದೂರದಲ್ಲಿದೆ. ಬಿಸಿನೀರಿನ ಸ್ನಾನ, ಒಂದು ಸಣ್ಣ ಜ್ವರ, ಮಧ್ಯಾಹ್ನದ ಬಿಸಿಲಿನ ನಡಿಗೆ ಇವೆಲ್ಲ ಕಣ್ಣನ್ನು ಇದಕ್ಕಿಂತ ಹೆಚ್ಚು ಬೆಚ್ಚಗೆ ಮಾಡುತ್ತವೆ. ಬಹಳ ಹೊತ್ತು ಮಾತಾಡಿದ ಮೇಲೆ ಕೆನ್ನೆ ಬಿಸಿಯಾಗುವುದುಂಟಲ್ಲ, ಅದು ಬ್ಯಾಟರಿ ಮತ್ತು ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಕಾವು, ತರಂಗದ್ದಲ್ಲ.

ಭಾರತದಲ್ಲಿ ಮಾರುವ ಫೋನುಗಳಿಗೆ ಕಾನೂನಿನ ಮಿತಿಯೂ ಇದೆ. ದೇಹದ ಅಂಗಾಂಶ ಹೀರಿಕೊಳ್ಳುವ ಶಕ್ತಿಯನ್ನು ಎಸ್‌ಎಆರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಇದು ಕಿಲೋಗ್ರಾಂಗೆ 1.6 ವ್ಯಾಟ್ ಮೀರಬಾರದೆಂದು 2012ರ ಸೆಪ್ಟೆಂಬರ್ 1ರಿಂದ ನಿಯಮ ಜಾರಿಗೆ ಬಂತು. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಸಾಮಾನ್ಯವಾಗಿ ಆ ಫೋನಿನ ಅಂಕಿ ಕಾಣುತ್ತದೆ.

ಹಾಗಾದರೆ 46ಕ್ಕೇ ಪೊರೆ ಏಕೆ? ನಿಮ್ಮ ಪತ್ರದಲ್ಲಿ ನನ್ನ ಗಮನ ಹೋದದ್ದು ಫೋನಿನ ಕಡೆಗಲ್ಲ, ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮಂಡಿನೋವಿನ ಮಾತ್ರೆಯ ಕಡೆಗೆ. ಬರೆದ ಚೀಟಿಯಿಲ್ಲದೆ ಕೀಲುನೋವಿಗೆ ಕೊಡುವ ಮಾತ್ರೆಗಳಲ್ಲಿ ಎಷ್ಟೋ ಬಾರಿ ಸ್ಟೀರಾಯ್ಡ್ ಇರುತ್ತದೆ. ನೋವು ತಟ್ಟನೆ ಇಳಿಯುವುದರಿಂದ ಜನ ಅದನ್ನೇ ಮತ್ತೆ ಮತ್ತೆ ಕೇಳಿ ಕೊಳ್ಳುತ್ತಾರೆ. ದೀರ್ಘಕಾಲ ಸ್ಟೀರಾಯ್ಡ್ ನುಂಗಿದವರಿಗೆ ಮಸೂರದ ಹಿಂಬದಿಯಲ್ಲಿ, ನಟ್ಟನಡುವೆ, ಒಂದು ಬಗೆಯ ಪೊರೆ ಬರುತ್ತದೆ. ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಬೆಳಕೆಲ್ಲ ಆ ಮಂಜಿನ ಮೂಲಕವೇ ಹಾಯಬೇಕಾಗುವುದರಿಂದ ಹೊರಗೆ ಹೆಚ್ಚು ಮಸುಕು, ನೆರಳಿನಲ್ಲಿ ತುಸು ವಾಸಿ ಎನಿಸುತ್ತದೆ; ಹತ್ತಿರದ ಕೆಲಸವೂ ಕೆಡುತ್ತದೆ. ನೀವು ಬರೆದಿರುವ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಪತ್ರ ನೋಡಿ ರೋಗನಿರ್ಣಯ ಮಾಡಲಾಗದು, ಆದ್ದರಿಂದ ಮಾತ್ರೆಯ ಪಟ್ಟಿಯನ್ನು ಹಿಡಿದುಕೊಂಡೇ ಮತ್ತೊಮ್ಮೆ ನಿಮ್ಮ ನೇತ್ರವೈದ್ಯರ ಬಳಿ ಹೋಗಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡವನ್ನೂ ಅಳೆಸಬೇಕು. ಅದೇ ಔಷಧದಿಂದ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸಾಯುವ ಕಾಯಿಲೆ, ಕೂಡ ಬರುವುದುಂಟು. ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸಿ, ಚಿಕ್ಕ ವಯಸ್ಸಿನ ಪೊರೆಗೆ ಮಧುಮೇಹವೂ ಸಾಮಾನ್ಯ ಕಾರಣ. ಒಂದು ಎಚ್ಚರಿಕೆ: ಬಹಳ ದಿನ ನುಂಗಿದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಪೊರೆಗೆ ಶಸ್ತ್ರಚಿಕಿತ್ಸೆಯೊಂದೇ ಪರಿಹಾರ, ಅದು ನಿಮ್ಮ ಹೊಲಿಗೆಯ ನೋಟವನ್ನು ಮರಳಿ ಕೊಡುತ್ತದೆ. ಯಜಮಾನರೊಂದಿಗೆ ರಾತ್ರಿಯ ಮಾತುಕತೆಯನ್ನು ದಯವಿಟ್ಟು ನಿಲ್ಲಿಸಬೇಡಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ಪೊರೆಯ ಆಪರೇಷನ್ ಆಗಿ ಬಲಗಣ್ಣಿಗೆ ಲೆನ್ಸ್ ಹಾಕಿದ್ದಾರೆ. ಆ ಕಡೆಯ ಕಿವಿಗೆ ಫೋನು ಹಿಡಿದರೆ ಲೆನ್ಸ್ ಕಾದು ಹಾಳಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ.
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಆ ಲೆನ್ಸ್ ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್ಕಿನದು. ಅದರಲ್ಲಿ ಲೋಹವಿಲ್ಲ, ಫೋನಿನ ತರಂಗದಿಂದ ಅದು ಕಾಯುವುದೂ ಇಲ್ಲ, ಜರುಗುವುದೂ ಇಲ್ಲ. ಯಾವ ಕಿವಿಗಾದರೂ ಹಿಡಿದು ಮಾತಾಡಿ. ಲೋಹದ ಚೌಕಟ್ಟಿನ ಕನ್ನಡಕದ ಬಗೆಗೂ ಇಬ್ಬರು ಓದುಗರು ಕೇಳಿದ್ದಾರೆ; ಅದನ್ನು ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮ ಎದುರು ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ಇದೆ. ಈಗ 5ಜಿ ಕೂಡ ಬಂದಿದೆ. ನಮ್ಮ ತಂದೆಗೆ 68 ವರ್ಷ. ಅಕ್ಕಪಕ್ಕದ ನೋಟ ಕಡಿಮೆಯಾಗಿ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಗ್ಲಾಕೋಮಾ ಎಂದು ತಿಳಿದು ಡ್ರಾಪ್ಸ್ ಬರೆದುಕೊಟ್ಟರು. ಟವರ್ ಅಲ್ಲಿರುವ ತನಕ ಔಷಧಿ ಹಾಕಿ ಏನು ಪ್ರಯೋಜನ ಎಂದು ತಂದೆ ಎರಡು ತಿಂಗಳಿಂದ ಡ್ರಾಪ್ಸ್ ಬಿಟ್ಟಿದ್ದಾರೆ. ಟವರ್ ತೆಗೆಸುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಟವರಿನ ವಿಷಯ ಆಮೇಲೆ. ಈ ಪುಟ ಓದಿದ ದಿನವೇ ತಂದೆಯವರನ್ನು ಕೂರಿಸಿಕೊಂಡು ಡ್ರಾಪ್ಸ್ ಮತ್ತೆ ಶುರುಮಾಡಿಸಿ, ವಾರದೊಳಗೆ ಅವರ ಕಣ್ಣಿನ ಒತ್ತಡವನ್ನು ಅಳೆಸಿ. ಗ್ಲಾಕೋಮಾದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ, ಸಾಮಾನ್ಯವಾಗಿ ನೋವಿಲ್ಲದೆ, ಕೆಂಪಾಗದೆ. ಸತ್ತ ಎಳೆ ಮರಳಿ ಬರುವುದಿಲ್ಲ. ಡ್ರಾಪ್ಸ್ ಹಾಕಿದರೆ ನೋಟ ಹೆಚ್ಚಿತೆಂದು ಯಾರಿಗೂ ಅನಿಸದು. ಉಳಿದಿರುವುದನ್ನು ಕಾಯುವುದಷ್ಟೇ ಅದರ ಕೆಲಸ, ಆದ್ದರಿಂದಲೇ ಜನ ಅದನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆ. ಬಾಗಿಲಿಗೆ ಭುಜ ತಾಗುವ ಹಂತಕ್ಕೆ ಬಂದಿದೆ ಎಂದರೆ ನಷ್ಟ ಈಗಾಗಲೇ ಸಾಕಷ್ಟು ಆಗಿದೆ. ಈ ಕಾಯಿಲೆ ವಂಶದಲ್ಲಿ ಹರಿಯುವಂಥದ್ದು. ನೀವು ಮತ್ತು ನಿಮ್ಮ ಒಡಹುಟ್ಟಿದವರು 40 ದಾಟಿದ್ದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ.

ಟವರ್ ಗ್ಲಾಕೋಮಾ ತರುತ್ತದೆ ಎನ್ನಲು ಆಧಾರವಿಲ್ಲ. ಆಂಟೆನಾದಿಂದ ದೂರ ಹೋದಂತೆ ತರಂಗದ ತೀವ್ರತೆ ದೂರದ ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. ದೂರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗ. ಹಾಗಾಗಿ ಎದುರು ಮನೆಯ ಟವರಿಗಿಂತ ಕಿವಿಗೆ ಹಿಡಿದ ಸ್ವಂತ ಫೋನಿನಿಂದಲೇ ತಲೆಗೆ ತಗಲುವ ತರಂಗ ಸಾಮಾನ್ಯವಾಗಿ ಹೆಚ್ಚು. ಅಯಾನೀಕರಿಸದ (ಅಣುಗಳಿಂದ ಎಲೆಕ್ಟ್ರಾನನ್ನು ಕೀಳಲಾರದ) ವಿಕಿರಣದ ಅಂತರರಾಷ್ಟ್ರೀಯ ಆಯೋಗವು 2 ಗಿಗಾಹರ್ಟ್ಸ್ ಆಸುಪಾಸಿನ ತರಂಗಕ್ಕೆ ಜನಸಾಮಾನ್ಯರಿಗೆ ನಿಗದಿ ಮಾಡಿರುವ ಮಿತಿ ಪ್ರತಿ ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್. ಮೇಲಿನ ಉತ್ತರದಲ್ಲಿ ಹೇಳಿದ ಮೊಲದ ಪ್ರಯೋಗದ 150ನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2012ರಲ್ಲಿ ಭಾರತ ಸರಕಾರ ಟವರುಗಳಿಗೆ ಆ ಮಿತಿಯ ಹತ್ತನೆಯ ಒಂದು ಭಾಗವನ್ನಷ್ಟೇ ನಿಗದಿ ಮಾಡಿತು. 5ಜಿಗೆ ನಮ್ಮಲ್ಲಿ ಹೆಚ್ಚಾಗಿ ಬಳಸುತ್ತಿರುವುದು 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗ; ಅದು 4ಜಿಯ ಹತ್ತಿರದ ನೆಂಟನೇ ಹೊರತು ಹೊಸ ಬಗೆಯ ವಿಕಿರಣವಲ್ಲ. 26 ಗಿಗಾಹರ್ಟ್ಸ್‌ನಂಥ ಮೇಲಿನ ತರಂಗಗಳು ಮೈಯೊಳಗೆ ಇಳಿಯುವುದು ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ. ಅವು ತಟ್ಟುವುದಾದರೆ ಕಣ್ಣಿನ ಮೇಲ್ಪದರವಾದ ಕಾರ್ನಿಯಾಕ್ಕೆ ತಟ್ಟಬೇಕು, ಒಳಗಿನ ನರಕ್ಕಲ್ಲ. ಇಷ್ಟಾದ ಮೇಲೂ ಮನಸ್ಸಿಗೆ ಸಮಾಧಾನವಾಗದಿದ್ದರೆ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ಆ ಟವರಿನ ವಿವರ ನೋಡಬಹುದು, ಶುಲ್ಕ ಕಟ್ಟಿ ಅಳತೆ ಮಾಡಿಸಲು ಅಲ್ಲಿಯೇ ಅರ್ಜಿ ಹಾಕಬಹುದು. ಅರ್ಜಿ ತನ್ನ ಪಾಡಿಗೆ ನಡೆಯಲಿ, ಡ್ರಾಪ್ಸ್ ಒಂದು ರಾತ್ರಿಯೂ ತಪ್ಪದಿರಲಿ.

ಪ್ರಶ್ನೆ: ಮೊಬೈಲ್ ವಿಕಿರಣದಿಂದ ಕಣ್ಣಿನ ಕ್ಯಾನ್ಸರ್ ಬರುತ್ತದೆ, ಜರ್ಮನಿಯಲ್ಲಿ ಸಾಬೀತಾಗಿದೆ ಎಂಬ ವಾಟ್ಸಾಪ್ ಸಂದೇಶ ನಮ್ಮ ಬಳಗದಲ್ಲಿ ಹರಿದಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ ಎಂದು ಅದರಲ್ಲಿದೆ. ನಿಜವೇ?
– ಓದುಗರು, ಬೆಳಗಾವಿ

ಉತ್ತರ: ಸಂದೇಶದಲ್ಲಿ ಅರ್ಧ ಕಥೆ ಮಾತ್ರ ಇದೆ. ಕಣ್ಣಿನ ನಡುಪದರದಲ್ಲಿ ಬರುವ ಮೆಲನೋಮ ಎಂಬ ಅಪರೂಪದ ಕ್ಯಾನ್ಸರಿಗೂ ರೇಡಿಯೋ ಸಾಧನಗಳ ಬಳಕೆಗೂ ನಂಟಿರಬಹುದೆಂದು 2001ರಲ್ಲಿ ಜರ್ಮನಿಯ ಸಂಶೋಧಕರು ಬರೆದದ್ದು ನಿಜ. ಆ ಅಧ್ಯಯನದಲ್ಲಿ ರೋಗಿಗಳ ಸಂಖ್ಯೆ ಕಡಿಮೆಯಿತ್ತು, ಯಾರು ಎಷ್ಟು ಬಳಸಿದರೆಂಬ ಲೆಕ್ಕವೂ ಒರಟಾಗಿತ್ತು. ಮೆಚ್ಚಬೇಕಾದ ಸಂಗತಿಯೆಂದರೆ ಅದೇ ತಂಡ ಸುಮ್ಮನಾಗದೆ ಇನ್ನಷ್ಟು ದೊಡ್ಡ ಅಧ್ಯಯನ ಕೈಗೊಂಡು, 2009ರಲ್ಲಿ, ಮೊಬೈಲ್ ಬಳಸುವವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿಲ್ಲವೆಂದು ತಾನೇ ಪ್ರಕಟಿಸಿತು. ಡೆನ್ಮಾರ್ಕಿನಲ್ಲಿ ಮೊಬೈಲ್ ಬಳಕೆ ಏರುತ್ತಿದ್ದ ವರ್ಷಗಳಲ್ಲಿ ಕಣ್ಣಿನ ಮೆಲನೋಮ ಅದಕ್ಕೆ ತಕ್ಕಂತೆ ಏರಲಿಲ್ಲ ಎಂಬುದೂ ದಾಖಲಾಗಿದೆ. 2001ರ ಸುದ್ದಿ ಇಂದಿಗೂ ಓಡಾಡುತ್ತದೆ, 2009ರ ಸುದ್ದಿ ಯಾರ ಬಳಗಕ್ಕೂ ತಲುಪುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ವಿಷಯ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗಗಳನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ 2ಬಿ ಗುಂಪಿಗೆ ಸೇರಿಸಿತು. ಅದಕ್ಕೆ ಆಧಾರವಾದದ್ದು ಮಿದುಳಿನ ಮತ್ತು ಕಿವಿಯ ನರದ ಗಡ್ಡೆಗಳ ಕುರಿತ ಸೀಮಿತ ಮಾಹಿತಿ, ಕಣ್ಣಿನದಲ್ಲ. ಅದೇ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ವಿಸ್ತೃತ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಇಲ್ಲಿ ಭೌತವಿಜ್ಞಾನವೂ ನಮ್ಮ ಕಡೆಗಿದೆ: ಎಕ್ಸ್‌ರೇಯಂಥ ವಿಕಿರಣ ಅಣುಗಳಿಂದ ಎಲೆಕ್ಟ್ರಾನನ್ನು ಕಿತ್ತು ವಂಶವಾಹಿಯನ್ನು ಮುರಿಯಬಲ್ಲದು, ಮೊಬೈಲಿನ ತರಂಗದ ಒಂದೊಂದು ಕಣಕ್ಕಿರುವ ಶಕ್ತಿ ಅದಕ್ಕೆ ಬೇಕಾದದ್ದರ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೇ.

ಪ್ರಶ್ನೆ: ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಸ್ವಲ್ಪ ಹೊತ್ತು ಫೋನು ನೋಡುವ ಅಭ್ಯಾಸವಿದೆ. ಕಳೆದ ತಿಂಗಳು ಎರಡು ಮೂರು ಸಲ, ಫೋನು ಬದಿಗಿಟ್ಟು ಎದ್ದಾಗ ಬಲಗಣ್ಣು ಏನೂ ಕಾಣದಂತಾಗಿ, ಕೆಲವು ನಿಮಿಷಗಳಲ್ಲಿ ತಾನಾಗಿಯೇ ಸರಿಹೋಯಿತು. ವಿಕಿರಣದಿಂದ ನರಕ್ಕೆ ಪೆಟ್ಟಾಗಿದೆಯೇ ಎಂದು ಹೆದರಿಕೆಯಾಗಿ ಮನೆಯಲ್ಲೂ ಹೇಳಿಲ್ಲ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬರೆದದ್ದು ಒಳ್ಳೆಯದಾಯಿತು. ಲಂಡನ್ನಿನ ಇಬ್ಬರು ಮಹಿಳೆಯರಿಗೆ ಇದೇ ಆಗಿ, ಹಲವು ಪರೀಕ್ಷೆಗಳ ನಂತರ ಕಾರಣ ಗೊತ್ತಾದದ್ದು 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನೀವು ಎಡಮಗ್ಗುಲಾಗಿ ಮಲಗುವವರಿರಬಹುದು. ಹಾಗೆ ಮಲಗಿದಾಗ ಎಡಗಣ್ಣು ದಿಂಬಿನಲ್ಲಿ ಮುಚ್ಚಿರುತ್ತದೆ, ಬಲಗಣ್ಣೊಂದೇ ಪರದೆಯನ್ನು ನೋಡುತ್ತಿರುತ್ತದೆ. ಮುಚ್ಚಿದ ಕಣ್ಣಿನ ರೆಟಿನಾ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ) ಕತ್ತಲಿಗೆ ಒಗ್ಗಿಕೊಳ್ಳುತ್ತದೆ, ತೆರೆದ ಕಣ್ಣಿನದು ಬೆಳಕಿಗೆ ಒಗ್ಗಿರುತ್ತದೆ. ಫೋನು ಆರಿಸಿದೊಡನೆ ಎಡಗಣ್ಣು ಕತ್ತಲ ಕೋಣೆಯನ್ನು ಮಸುಕಾಗಿಯಾದರೂ ಕಾಣುತ್ತದೆ, ಬಲಗಣ್ಣಿಗೆ ಮಾತ್ರ ಕೆಲವು ನಿಮಿಷ ಏನೂ ಕಾಣದು. ಬಿಸಿಲಿನಿಂದ ಸಿನಿಮಾ ಮಂದಿರದೊಳಗೆ ಹೋದಾಗ ಎರಡೂ ಕಣ್ಣಿಗೆ ಆಗುವುದು ಇಲ್ಲಿ ಒಂದೇ ಕಣ್ಣಿಗೆ ಆಗಿದೆ. ತರಂಗದ ಪಾತ್ರ ಇದರಲ್ಲಿ ಇಲ್ಲ, ರೆಟಿನಾಗೆ ಹಾನಿಯೂ ಆಗಿಲ್ಲ.

ನೀವೇ ಪರೀಕ್ಷಿಸಿ ನೋಡಬಹುದು. ಒಂದು ರಾತ್ರಿ ಬಲಮಗ್ಗುಲಾಗಿ ಮಲಗಿ ಹಾಗೆಯೇ ನೋಡಿ, ಆಗ ಎಡಗಣ್ಣು ಕಾಣದಂತಾದರೆ ಕಾರಣ ಇದೇ. ಎರಡೂ ಕಣ್ಣು ತೆರೆದು ದೀಪದ ಬೆಳಕಿನಲ್ಲಿ ನೋಡಿದರೆ ಆಗಲೇಬಾರದು. ಆದರೆ ಹಗಲಿನಲ್ಲಿ, ಫೋನು ನೋಡದಿರುವಾಗ, ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲಾಗಿ ಮತ್ತೆ ಬೆಳಕಾದರೆ ಅದು ಬೇರೆಯೇ ವಿಷಯ. ರಕ್ತಸಂಚಾರದ ತೊಂದರೆಯ ಮುನ್ಸೂಚನೆ ಅದಾಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಅಮ್ಮನಿಗೆ ಹೇಳಿ, ಒಮ್ಮೆ ಕಣ್ಣಿನ ತಪಾಸಣೆಯನ್ನೂ ಮಾಡಿಸಿಕೊಳ್ಳಿ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ದಿನವಿಡೀ ಲ್ಯಾಪ್‌ಟಾಪ್, ಉಳಿದ ಹೊತ್ತು ಮೊಬೈಲ್. ಸಂಜೆಗೆ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ಕನ್ನಡಕದ ಅಂಗಡಿಯಲ್ಲಿ ನೀಲಿ ಬೆಳಕು ತಡೆಯುವ ಲೆನ್ಸ್ ಹಾಕಿಸಿಕೊಳ್ಳಲೇಬೇಕು, ಇಲ್ಲವಾದರೆ ರೆಟಿನಾ ಸುಡುತ್ತದೆ ಎಂದರು.
– ಓದುಗರು, ಬೆಂಗಳೂರು

ಉತ್ತರ: ರೆಟಿನಾ ಸುಡುವುದಿಲ್ಲ. ಗ್ರಹಣ ಹಿಡಿದ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದವರ ರೆಟಿನಾ ಸುಟ್ಟದ್ದನ್ನು ನೇತ್ರವೈದ್ಯರು ಕಂಡಿದ್ದಾರೆ. ಫೋನು, ಲ್ಯಾಪ್‌ಟಾಪಿನ ಪರದೆಗಳ ನೀಲಿ ಬೆಳಕನ್ನು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಳೆದು 2016ರಲ್ಲಿ ಪ್ರಕಟಿಸಿದರು. ಬಹಳ ಹೊತ್ತು ನೋಡಿದರೂ ಅದು ಸುರಕ್ಷತೆಯ ಮಿತಿಗಿಂತ ತೀರಾ ಕೆಳಗಿತ್ತು, ನೀಲಿ ಆಕಾಶವನ್ನು ನೋಡಿದಾಗ ಕಣ್ಣಿಗೆ ಬರುವುದಕ್ಕಿಂತಲೂ ಕಡಿಮೆಯಿತ್ತು. ನೀಲಿ ಬೆಳಕು ತಡೆಯುವ ಕನ್ನಡಕದಿಂದ ಕಣ್ಣಿನ ದಣಿವು ಕಡಿಮೆಯಾಗುವಂತೆ ತೋರುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿದೆ. ಆ ಹಣವನ್ನು ಸರಿಯಾದ ಪವರಿನ, ಒಳ್ಳೆಯ ಕನ್ನಡಕಕ್ಕೆ ಹಾಕಿ.

ನಿಮ್ಮ ಉರಿಗೆ ಕಾರಣ ರೆಪ್ಪೆ. ಸುಮ್ಮನೆ ಕುಳಿತು ಮಾತಾಡುವಾಗ ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆ ದಿಟ್ಟಿಸುವಾಗ ಅದು ಐದಾರಕ್ಕೆ ಇಳಿಯುವುದುಂಟು, ಅದರಲ್ಲೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದೇ ಇಲ್ಲ. ಕಾರ್ನಿಯಾದ ಮೇಲೆ ಹರಡಿರುವ ಕಣ್ಣೀರಿನ ತೆಳುಪದರ ಅಷ್ಟರಲ್ಲಿ ಅಲ್ಲಲ್ಲಿ ಒಡೆದು ಒಣಗುತ್ತದೆ, ಎಸಿಯ ಗಾಳಿ ಮುಖಕ್ಕೇ ಬೀಸುತ್ತಿದ್ದರೆ ಇನ್ನೂ ಬೇಗ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಟ್ಟರೆ ರೆಪ್ಪೆಯ ತೆರಪು ಕಿರಿದಾಗಿ ಕಣ್ಣೀರು ಉಳಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ಆಗ ಬೇಕೆಂದೇ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಕೃತಕ ಕಣ್ಣೀರಿನ ಡ್ರಾಪ್ಸ್ ಬಳಸಬಹುದು, ಆದರೆ ಕೆಂಪು ಇಳಿಸುವ ಡ್ರಾಪ್ಸ್ ಎಂದು ಅಂಗಡಿಯಲ್ಲಿ ಕೊಡುವುದನ್ನು ಸ್ವಂತ ನಿರ್ಧಾರದಿಂದ ಹಾಕಿಕೊಳ್ಳಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಆಗುವುದೇನೆಂದು ಮೊದಲ ಉತ್ತರದಲ್ಲೇ ಹೇಳಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ 9 ವರ್ಷ. ಕನ್ನಡಕದ ಪವರ್ ಒಂದೇ ವರ್ಷದಲ್ಲಿ ಮೈನಸ್ 1.5ರಿಂದ 2.75ಕ್ಕೆ ಏರಿದೆ. ಶಾಲೆ, ಟ್ಯೂಷನ್ ಮುಗಿಸಿ ಬಂದು ಮಲಗಿಕೊಂಡು ಫೋನಿನಲ್ಲಿ ಆಟವಾಡುತ್ತಾನೆ. ಫೋನಿಗೆ ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಿದ್ದೇವೆ. ಆದರೂ ಪವರ್ ಏರಿದ್ದು ಏಕೆ? ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಕೊಟ್ಟರೆ ಆಗಬಹುದೇ?
– ತಾಯಿ, ಮೈಸೂರು

ಉತ್ತರ: ಸ್ಟಿಕ್ಕರನ್ನು ಕಿತ್ತುಬಿಡಿ. ಅದು ತರಂಗವನ್ನು ತಡೆಯದಿದ್ದರೆ ದುಡ್ಡು ದಂಡ. ಒಂದಿಷ್ಟು ತಡೆದರೆ ಫೋನು ಸಿಗ್ನಲ್ ಹುಡುಕಲು ಇನ್ನೂ ಹೆಚ್ಚಿನ ಶಕ್ತಿ ಹಾಕುತ್ತದೆ. ಏರೋಪ್ಲೇನ್ ಮೋಡಿನಲ್ಲಿ ತರಂಗ ನಿಲ್ಲುವುದು ನಿಜವಾದರೂ ಪವರ್ ಏರುವುದು ನಿಲ್ಲುವುದಿಲ್ಲ. ಮಗುವಿನ ಕಣ್ಣಿಗೆ ತೊಂದರೆ ಕೊಡುತ್ತಿರುವುದು ಹತ್ತಿರದ ನೋಟ ಮತ್ತು ಹೊರಗಿನ ಬೆಳಕಿನ ಕೊರತೆ.

ಮಲಗಿ ಆಡುವ ಮಕ್ಕಳನ್ನು ಒಮ್ಮೆ ಪಕ್ಕದಿಂದ ಗಮನಿಸಿ. ಪುಸ್ತಕವನ್ನು 33–40 ಸೆಂಟಿಮೀಟರ್ ದೂರದಲ್ಲಿ ಹಿಡಿಯುವ ಮಗುವೇ ಫೋನನ್ನು 20 ಸೆಂಟಿಮೀಟರಿಗೆ ತಂದಿರುತ್ತದೆ, ಕೈ ಸೋತಂತೆ ಇನ್ನೂ ಹತ್ತಿರಕ್ಕೆ. 40 ಸೆಂಟಿಮೀಟರಿನಲ್ಲಿ ಸ್ಪಷ್ಟವಾಗಿ ಕಾಣಲು ಕಣ್ಣು ಎರಡೂವರೆ ಡಯಾಪ್ಟರ್ (ಲೆನ್ಸಿನ ಪವರಿನ ಅಳತೆ) ಶ್ರಮಪಟ್ಟರೆ ಸಾಕು; 20ರಲ್ಲಿ ಅದು ಐದಾಗುತ್ತದೆ, ಅಂದರೆ ಶ್ರಮ ನೇರ ಇಮ್ಮಡಿ. ಬೆಳೆಯುವ ವಯಸ್ಸಿನಲ್ಲಿ ಹೀಗೆ ಹತ್ತಿರದ ನೋಟಕ್ಕೇ ಕಟ್ಟುಬಿದ್ದ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯತೊಡಗುತ್ತದೆ, ದೂರದ ವಸ್ತುವಿನ ಬಿಂಬ ರೆಟಿನಾದ ಮುಂದೆಯೇ ಬೀಳುತ್ತದೆ. ಇದೇ ಸಮೀಪದೃಷ್ಟಿ. ಉದ್ದವಾದ ಗುಡ್ಡೆ ಮತ್ತೆ ಗಿಡ್ಡವಾಗುವುದಿಲ್ಲ, ಆದ್ದರಿಂದ ಏರುವ ವೇಗವನ್ನು ಈಗಲೇ ತಗ್ಗಿಸಬೇಕು. ಪವರ್ ಬಹಳ ಏರಿದವರಿಗೆ ದೊಡ್ಡವರಾದ ಮೇಲೆ ರೆಟಿನಾ ಕಳಚುವ ಅಪಾಯ, ಗ್ಲಾಕೋಮಾದ ಅಪಾಯ ಎರಡೂ ಹೆಚ್ಚು.

ಇದಕ್ಕೆ ಅತ್ಯಂತ ಒಳ್ಳೆಯ ಔಷಧ ಬಯಲು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಆಡಲು ಬಿಟ್ಟರು. ಮೂರು ವರ್ಷದ ನಂತರ ನೋಡಿದರೆ, ಹಾಗೆ ಆಡಿದವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು. ಉಳಿದ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. 2015ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರೂ ಓದಬೇಕೆಂಬುದು ನನ್ನ ಆಸೆ. ತೈವಾನ್ 2010ರಿಂದಲೇ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗಿರಿಸುವ ಕಾರ್ಯಕ್ರಮ ನಡೆಸಿ, ಏರುತ್ತಿದ್ದ ಸಮೀಪದೃಷ್ಟಿಯನ್ನು ತಿರುಗಿಸಿತು. ಹೊರಗಿನ ಬೆಳಕು, ಮರದ ನೆರಳಿನಲ್ಲಿ ಕೂಡ, ಮನೆಯೊಳಗಿನ ದೀಪಕ್ಕಿಂತ ಹತ್ತಾರು ಪಟ್ಟು ಪ್ರಖರ. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸಿ ಗುಡ್ಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ನಮ್ಮ ಊರುಗಳಲ್ಲಿ ಬಿಸಿಲಿಗೆ ಬರವಿಲ್ಲ. ಬರ ಇರುವುದು ಟ್ಯೂಷನ್ ಮುಗಿದ ಮೇಲೆ ಉಳಿಯುವ ಹೊತ್ತಿಗೆ.

ಇನ್ನೊಂದನ್ನೂ ಗಮನಿಸಿ. ದಕ್ಷಿಣ ಕೊರಿಯಾದ ವೈದ್ಯರು 2016ರಲ್ಲಿ 7ರಿಂದ 16 ವರ್ಷದ 12 ಮಕ್ಕಳ ಬಗ್ಗೆ ಬರೆದರು. ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ, ತಿಂಗಳುಗಟ್ಟಲೆ, ಫೋನನ್ನು ಮುಖದ ಹತ್ತಿರ ಹಿಡಿದ ಆ ಮಕ್ಕಳ ಕಣ್ಣುಗಳು ಮೂಗಿನ ಕಡೆಗೆ ತಿರುಗಿ ಮಾಲುಗಣ್ಣಾಗಿತ್ತು. ಫೋನು ಬಿಡಿಸಿದ ಮೇಲೆ ತಿರುವು ಕಡಿಮೆಯಾಯಿತು, ಆದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ನಿಮ್ಮ ಮಗ ಒಂದು ವಸ್ತು ಎರಡಾಗಿ ಕಾಣುತ್ತದೆ ಎಂದರೆ, ಅಥವಾ ದೂರ ನೋಡುವಾಗ ಒಂದು ಕಣ್ಣು ಮುಚ್ಚಿಕೊಂಡರೆ, ತಡಮಾಡದೆ ತೋರಿಸಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಮಲಗಿ ಫೋನು ನೋಡುವುದು ಇವತ್ತೇ ನಿಲ್ಲಲಿ. ಆಟ ಬೇಕೇ ಬೇಕೆಂದರೆ ಟಿವಿಯ ಪರದೆಯಲ್ಲಿ, ಕೋಣೆಯ ಆ ಬದಿಯಿಂದ ಆಡಲಿ. ಸಂಜೆಯ ಟ್ಯೂಷನ್ನುಗಳಲ್ಲಿ ಒಂದನ್ನಾದರೂ ಬಿಡಿಸಿ ಬೆಳಕಿರುವಾಗಲೇ ಬೀದಿಗೆ, ಮೈದಾನಕ್ಕೆ ಕಳಿಸಿ. ಹೊಸ ಪವರಿನ ಕನ್ನಡಕವನ್ನು ಪೂರ್ತಿ ಹೊತ್ತು ಹಾಕಿಸಿ. ಕಡಿಮೆ ಪವರ್ ಹಾಕಿಸಿದರೆ ಏರುವುದು ನಿಲ್ಲುತ್ತದೆಂಬ ನಂಬಿಕೆ ತಪ್ಪು. ವರ್ಷಕ್ಕೆ ಒಂದು ಡಯಾಪ್ಟರಿಗಿಂತ ಹೆಚ್ಚು ಏರಿರುವುದರಿಂದ, ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಅಥವಾ ಈಗ ಬಂದಿರುವ ವಿಶೇಷ ಲೆನ್ಸುಗಳು ನಿಮ್ಮ ಮಗನಿಗೆ ಹೊಂದುತ್ತವೆಯೇ ಎಂದು ಮಕ್ಕಳ ನೇತ್ರತಜ್ಞರನ್ನು ಕೇಳಿ. ಕಣ್ಣುಗುಡ್ಡೆಯ ಉದ್ದವನ್ನು ಯಂತ್ರದಲ್ಲಿ ಅಳೆಸಿ ಮಿಲಿಮೀಟರಿನಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ, ಆರು ತಿಂಗಳ ನಂತರ ಅದೇ ಚೀಟಿಯೊಂದಿಗೆ ಮತ್ತೆ ಅಳೆಸಿ.